ನಿಮಗಿದು ಗೊತ್ತೇ? ಸೆಲ್ಲಾರಿಗೆ ನುಗ್ಗುವ ನೀರು, ಮೂಲೆಯಲ್ಲಿ ಕೂತ ಮೋಟಾರು

ನೆಲದಡಿಯ ನೀರನ್ನು ಎತ್ತಿ ಹೊರಚೆಲ್ಲುವ ಕೆಲಸದಲ್ಲಿ ಕೋಲಾರ ಜಿಲ್ಲೆ ಬಹಳ ಹಳಬ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ ಇಳಿದಿತ್ತು. ಒಸರುವ ನೀರನ್ನು ಎತ್ತಿ ಹಾಕದೆ ಅಲ್ಲಿ ಕೆಲಸ ಸಾಗುವಂತಿರಲಿಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹೋದದ್ದು ಬೆಂಗಳೂರಿಗಲ್ಲ, ಈ ಗಣಿಗಳಿಗೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಪಂಪು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿಕೊಂಡಿತು.

ಉಗಿಯಂತ್ರ ಹುಟ್ಟಿದ್ದೂ ಹೀಗೆ ಗಣಿಯ ನೀರೆತ್ತಲಿಕ್ಕೇ, ರೈಲು ಎಳೆಯಲಿಕ್ಕಲ್ಲ. 1712ರಲ್ಲಿ ಇಂಗ್ಲೆಂಡಿನ ಥಾಮಸ್ ನ್ಯೂಕಮನ್ ಕಟ್ಟಿದ ಯಂತ್ರ ಮಾಡಿದ್ದು ಕಲ್ಲಿದ್ದಲು ಗಣಿಯ ನೀರು ಹೊರಹಾಕುವ ಕೆಲಸ.

ಬರದ ಜಿಲ್ಲೆಯಲ್ಲಿ ಈ ಮಾತೇಕೆ ಎನ್ನುವವರು 2021ರ ನವೆಂಬರನ್ನು ನೆನಪಿಸಿಕೊಳ್ಳಲಿ. ವರ್ಷಗಟ್ಟಲೆ ಒಣಗಿ ಜಾಲಿ ಬೆಳೆದಿದ್ದ ಕೆರೆಗಳು ಆ ತಿಂಗಳು ಕೋಡಿ ಹರಿದವು, ಹೊಲದಲ್ಲೇ ಬೆಳೆ ಕೊಳೆಯಿತು. ಶ್ರೀನಿವಾಸಪುರದ ಕಡೆ ನೀರಿಗಾಗಿ ಪಾತಾಳಕ್ಕೆ ಬೋರು ಕೊರೆಸುವ ನಮಗೆ, ಮನೆಗೆ ಬಂದ ನೀರನ್ನು ಹೊರಗೆ ಕಳಿಸುವ ಅಭ್ಯಾಸ ಇಲ್ಲ. ಆದರೆ ಅಂಗಡಿಯ ಸರಕಿಗೆಂದು, ಬೈಕು ನಿಲ್ಲಿಸಲೆಂದು ಸೆಲ್ಲಾರ್ ತೋಡಿಸಿದವರಿಗೆ ಆ ಅಭ್ಯಾಸ ಬೇಕೇ ಬೇಕು. ಇಲ್ಲಿ ಹೇಳುತ್ತಿರುವುದು ಮನೆ ಮುಂದಿನ ಕುಡಿಯುವ ನೀರಿನ ಸಂಪಿನ ಮಾತಲ್ಲ. ಸೆಲ್ಲಾರಿನ ತಗ್ಗು ಮೂಲೆಯಲ್ಲಿ ತೋಡಿದ ಗುಂಡಿ ಮತ್ತು ಅದರೊಳಗಿನ ಪಂಪಿನ ಮಾತು.

ಮೂವತ್ತು–ನಲವತ್ತರ ಸೈಟಿನ ಮೇಲೆ 50 ಮಿಲಿಮೀಟರ್ ಮಳೆ ಸುರಿದರೆ ಎಷ್ಟು ನೀರು? ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಸರಿಯಾಗಿ ಒಂದು ಲೀಟರ್. ಆ ಸೈಟು ಸುಮಾರು 111 ಚದರ ಮೀಟರ್. ಹಾಗಾಗಿ ಐದೂವರೆ ಸಾವಿರ ಲೀಟರು, ಒಂದು ಟ್ಯಾಂಕರಿನಷ್ಟು. ರಸ್ತೆಯಿಂದ ಇಳಿಜಾರಿನಲ್ಲಿ ಹರಿದು ಬರುವುದು ಬೇರೆ.

ಪಂಪು ಕೆಡುವುದು ಓಡಿ ಓಡಿ ಮಾತ್ರವಲ್ಲ, ಓಡದೆಯೂ ಕೆಡುತ್ತದೆ. ನಮ್ಮ ಕಡೆಯ ಗಡಸು ನೀರು ಒಣಗಿದಾಗ ಸುಣ್ಣದಂಥ ಬಿಳಿ ಪದರ ಬಿಡುತ್ತದೆ, ಅದಕ್ಕೆ ತುಕ್ಕು ಸೇರಿದರೆ ಒಳಗಿನ ಚಕ್ರ ಹಿಡಿದುಕೊಳ್ಳುತ್ತದೆ. ಹತ್ತು ತಿಂಗಳು ಸುಮ್ಮನಿದ್ದ ಮೋಟಾರಿಗೆ ಮಳೆಯ ರಾತ್ರಿ ಸ್ವಿಚ್ ಹಾಕಿದರೆ ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ. ಆ ಸದ್ದು ಕೇಳಿದ ಕೂಡಲೇ ಆಫ್ ಮಾಡಬೇಕು, ತಡಮಾಡಿದರೆ ವೈಂಡಿಂಗ್ ಸುಡುತ್ತದೆ. ಕಾರಣ ಎರಡರಲ್ಲಿ ಒಂದು: ಚಕ್ರ ಬಿಗಿದಿದೆ, ಇಲ್ಲವೇ ಕೆಪಾಸಿಟರ್ ಹೋಗಿದೆ. ಮನೆಯ ಸಿಂಗಲ್ ಫೇಸ್ ಮೋಟಾರಿಗೆ ಮೊದಲ ತಿರುಗು ಕೊಡುವುದು ಈ ಕೆಪಾಸಿಟರೇ. ಪಂಪಿನ ಬೆಲೆಯ ಮುಂದೆ ಇದರ ಬೆಲೆ ತೀರಾ ಕಡಿಮೆ. ಒಂದನ್ನು ಮೊದಲೇ ತಂದಿಟ್ಟುಕೊಳ್ಳಿ.

ಇದನ್ನೆಲ್ಲ ತಪ್ಪಿಸುವ ಪರೀಕ್ಷೆಗೆ ಬೇಕಾದದ್ದು ನಾಲ್ಕೈದು ಬಕೆಟ್ ನೀರು. ಗುಂಡಿಗೆ ಸುರಿಯಿರಿ. ನೀರೇರಿದಾಗ ಮೋಟಾರಿನ ಸ್ವಿಚ್ ಹಾಕುವ ಫ್ಲೋಟ್ ತೇಲಿ ಮೇಲೇಳಬೇಕು, ಮೋಟಾರು ತಾನಾಗಿ ಹೊರಡಬೇಕು, ನೀರು ತಗ್ಗಿದಾಗ ತಾನಾಗಿ ನಿಲ್ಲಬೇಕು. ಮುಂಗಾರಿಗೆ ಮೊದಲೊಮ್ಮೆ, ಆಮೇಲೆ ಮಳೆಗಾಲ ಮುಗಿಯುವವರೆಗೆ ತಿಂಗಳಿಗೊಮ್ಮೆ ಮಾಡಿ. ಕೋಲಾರಕ್ಕೆ ದೊಡ್ಡ ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬರುವುದೇ ಹೆಚ್ಚು. ಗೌರಿ ಹಬ್ಬಕ್ಕೆ ಮನೆ ತೊಳೆಯುವ ದಿನ ಈ ಗುಂಡಿಯನ್ನೂ ತೊಳೆದರೆ ಸಮಯಕ್ಕೆ ಸರಿಹೋಗುತ್ತದೆ.

ಫ್ಲೋಟ್ ಕೈಕೊಡುವುದು ಹೆಚ್ಚಾಗಿ ಒಳಗಿನ ದೋಷದಿಂದಲ್ಲ. ಅದರ ವೈರು ಪೈಪಿಗೆ ಸುತ್ತಿಕೊಂಡಿರುತ್ತದೆ, ಇಲ್ಲವೇ ಗುಂಡಿ ಇಕ್ಕಟ್ಟಾಗಿ ಗೋಡೆಗೆ ಒರಗಿ ನಿಂತಿರುತ್ತದೆ. ಮಾವಿನೆಲೆ, ಪ್ಲಾಸ್ಟಿಕ್ ಕವರ್, ಕೆಸರು ಇವನ್ನೂ ಮರೆಯಬೇಡಿ. ಗುಂಡಿಯ ಬಾಯಿಗೆ ಕಬ್ಬಿಣದ ಜಾಲರಿ ಹಾಕಿಸಿದರೆ ಅರ್ಧ ತೊಂದರೆ ತಪ್ಪುತ್ತದೆ.

ಪಂಪು ನಿಂತ ತಕ್ಷಣ ಪೈಪಿನಲ್ಲಿದ್ದ ನೀರು ವಾಪಸು ಗುಂಡಿಗೇ ಬೀಳುತ್ತದೆ. ಒಂದೂವರೆ ಇಂಚಿನ ಪೈಪು ನಾಲ್ಕು ಮೀಟರ್ ಮೇಲೆದ್ದಿದ್ದರೆ ಸುಮಾರು ನಾಲ್ಕೂವರೆ ಲೀಟರು. ಸಣ್ಣ ಗುಂಡಿಯಾದರೆ ಅಷ್ಟಕ್ಕೇ ಫ್ಲೋಟ್ ಎದ್ದು, ಮೋಟಾರು ಹೊರಟು, ನಿಂತು, ಮತ್ತೆ ಹೊರಟು ದಣಿಯುತ್ತದೆ. ನಾನ್ ರಿಟರ್ನ್ ವಾಲ್ವ್ ಒಂದಿದ್ದರೆ ಈ ತಾಪತ್ರಯವಿಲ್ಲ.

ಮೇಲೆ ಕೂತ ಮೋನೋಬ್ಲಾಕ್ ಪಂಪು ನಿಜವಾಗಿ ನೀರನ್ನು ಎಳೆಯುವುದಿಲ್ಲ! ಅದು ಪೈಪಿನೊಳಗಿನ ಒತ್ತಡ ತಗ್ಗಿಸುತ್ತದೆ, ಹೊರಗಿನ ಗಾಳಿ ನೀರನ್ನು ಮೇಲಕ್ಕೆ ಒತ್ತುತ್ತದೆ. ಸಮುದ್ರಮಟ್ಟದಲ್ಲಿ ಗಾಳಿಯ ಆ ಬಲ 10.3 ಮೀಟರ್ ನೀರಿಗೆ ಸಮ. 800 ಮೀಟರಿಗೂ ಎತ್ತರದಲ್ಲಿರುವ ಶ್ರೀನಿವಾಸಪುರದಲ್ಲಿ ಸುಮಾರು 9.4ಕ್ಕೆ ಇಳಿಯುತ್ತದೆ, ಬಳಕೆಗೆ ಸಿಗುವುದು ಆರೇಳು ಮೀಟರ್. ಪೈಪಿನ ಕೆಳತುದಿಯ ಫುಟ್‌ವಾಲ್ವ್ ಸೋರಿದರೆ ಅದೂ ಇಲ್ಲ. ನೀರಲ್ಲೇ ಮುಳುಗಿ ನೀರನ್ನು ಮೇಲಕ್ಕೆ ತಳ್ಳುವ ಸಬ್‌ಮರ್ಸಿಬಲ್‌ಗೆ ಈ ಮಿತಿಯಿಲ್ಲ. ಸೆಲ್ಲಾರಿಗೆ ಅದೇ ಸರಿ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಮೋನೋಬ್ಲಾಕ್ ಇಟ್ಟಿದ್ದರೆ ಎತ್ತರದ ಕಟ್ಟೆಯ ಮೇಲಿರಲಿ.

ಏಕೆಂದರೆ ಪಂಪೇ ಮುಳುಗುವುದುಂಟು. 2022ರ ಸೆಪ್ಟೆಂಬರಿನಲ್ಲಿ ಮಳವಳ್ಳಿ ತಾಲ್ಲೂಕಿನ ಟಿ.ಕೆ. ಹಳ್ಳಿಯ ಪಂಪ್‌ಹೌಸಿಗೆ ಮಳೆನೀರು ನುಗ್ಗಿ, ಬೆಂಗಳೂರಿಗೆ ಕಾವೇರಿಯನ್ನು ಎತ್ತಿ ಕಳಿಸುವ ಯಂತ್ರಗಳೇ ನೀರಿನಡಿ ಆದವು. ಊರೆಲ್ಲ ಪ್ರವಾಹ, ನಲ್ಲಿಯಲ್ಲಿ ನೀರಿಲ್ಲ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು. 2025ರ ಮೇ 19ರಂದು ಬೆಂಗಳೂರಿನ ಬಿಟಿಎಂ ಲೇಔಟ್‌ನ ಅಪಾರ್ಟ್‌ಮೆಂಟ್ ಒಂದರಲ್ಲಿ ನೆಲಮಾಳಿಗೆಯ ಮಳೆನೀರನ್ನು ಮೋಟಾರಿನಿಂದ ಹೊರಹಾಕಲು ಹೋದಾಗ ವಿದ್ಯುತ್ ತಗುಲಿ ಇಬ್ಬರು ತೀರಿಕೊಂಡರು. ಒಬ್ಬ ಇನ್ನೂ ಹುಡುಗ. ಇಂಥ ಸಾವು ಯಾವ ಊರಲ್ಲೂ ಆಗಬಾರದು. ಸೆಲ್ಲಾರಿನಲ್ಲಿ ನೀರು ನಿಂತಿದೆಯೇ? ಮೇಲಿನ ಮೇನ್ ಸ್ವಿಚ್ ಆಫ್ ಮಾಡದೆ ಕಾಲಿಡಬೇಡಿ. ಅದು ಕೈಗೆ ಸಿಗದಿದ್ದರೆ ಬೆಸ್ಕಾಂಗೆ ಹೇಳಿ ಲೈನ್ ತೆಗೆಸಿ. ಸೆಲ್ಲಾರಿನ ಪ್ಲಗ್ ಪಾಯಿಂಟುಗಳು ಎದೆಮಟ್ಟಕ್ಕಿಂತ ಮೇಲಿರಲಿ. ಟೇಪು ಸುತ್ತಿದ ವೈರನ್ನು ಮಳೆಗಾಲದ ಮೋಟಾರಿಗೆ ಕೊಡಲೇಬಾರದು. 30 ಮಿಲಿಆಂಪಿಯರ್ ಸೋರಿದರೂ ಕ್ಷಣದಲ್ಲಿ ಟ್ರಿಪ್ ಆಗುವ ಆರ್‌ಸಿಸಿಬಿ ಹಾಕಿಸಿ. ಅದರ ಮೈಮೇಲಿನ ಟೆಸ್ಟ್ ಗುಂಡಿ ಒತ್ತಿ ನೋಡುವುದೂ ಆ ತಿಂಗಳ ಪರೀಕ್ಷೆಯಲ್ಲೇ ಸೇರಲಿ.

ಮಳೆ ಜೋರಾದಾಗಲೇ ಕರೆಂಟು ಹೋಗುವುದು. ಮೋಟಾರು ಹೊರಡುವ ಕ್ಷಣದಲ್ಲಿ ಮಾಮೂಲಿಗಿಂತ ನಾಲ್ಕಾರು ಪಟ್ಟು ಕರೆಂಟು ಎಳೆಯುವುದರಿಂದ ಫ್ಯಾನು, ಲೈಟಿಗೆಂದು ತಂದ ಸಣ್ಣ ಇನ್ವರ್ಟರು ಅದನ್ನು ತಡೆಯಲಾರದು. ಜನರೇಟರೋ ಡೀಸೆಲ್ ಪಂಪೋ ತಂದರೆ ಯಂತ್ರ ಹೊರಗೇ ಇರಲಿ, ಪೈಪು ಮಾತ್ರ ಒಳಗಿಳಿಯಲಿ. ಅದರ ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಸೆಲ್ಲಾರಿನಲ್ಲಿ ಅದು ಕೊಲ್ಲುತ್ತದೆ.

ಮನೆ ಮುಂದಿನ ಸಂಪಿನ ಬಗ್ಗೆಯೂ ಒಂದು ಎಚ್ಚರಿಕೆ: ಖಾಲಿ ತೊಟ್ಟಿ ನೆಲದೊಳಗಿಂದಲೇ ಮೇಲೇಳಬಹುದು. ಸುತ್ತಲಿನ ಮಣ್ಣು ನೀರು ಕುಡಿದು ನಿಂತಾಗ ಹಗುರವಾದ ಫೈಬರ್ ಸಂಪು ದೋಣಿಯಂತೆ ತೇಲಲು ನೋಡುತ್ತದೆ. ಭಾರೀ ಮಳೆಯ ದಿನಗಳಲ್ಲಿ ಅದನ್ನು ಪೂರ್ತಿ ಬರಿದು ಮಾಡದಿರುವುದು ಕ್ಷೇಮ.

ಪಂಪಿನ ನೀರನ್ನು ಗೋಡೆಯ ಬುಡದಲ್ಲೇ ಬಿಟ್ಟರೆ ಇಂಗಿ ಮತ್ತೆ ಸೆಲ್ಲಾರಿಗೇ ಬರುತ್ತದೆ. ಇಳಿಜಾರು ನೋಡಿ ದೂರ ಬಿಡಿ. ಬೈಕಿನ ಎಣ್ಣೆ ಬೆರೆತ ಆ ನೀರನ್ನು ಇಂಗುಗುಂಡಿಗೆ ಮಾತ್ರ ಬಿಡಬೇಡಿ, ಬೋರಿನ ನೀರು ಹಾಳಾಗುತ್ತದೆ.

ಚಾವಣಿಯ ನೀರು ಸೆಲ್ಲಾರಿನ ದಾರಿ ಹಿಡಿಯದಂತೆ ಪೈಪಿನಲ್ಲಿ ಬೇರೆ ತೊಟ್ಟಿಗೆ ತಿರುಗಿಸಿದರೆ ಪಂಪಿನ ಕೆಲಸವೇ ತಗ್ಗುತ್ತದೆ. ಆ ನೀರಿಗೆ ಇಲ್ಲಿ ಇನ್ನೊಂದು ಬೆಲೆಯಿದೆ: ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು, ಜಿಲ್ಲೆಯ ಎಷ್ಟೋ ಬೋರುಗಳಲ್ಲಿ ಮೀರಿದೆ. ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಮೊದಲ ಮಳೆಯ ಕೊಳೆ ಹೊರಗೆ ಬಿಟ್ಟು, ಸೋಸಿ, ಕುದಿಸಿ ಕುಡಿಯಬಹುದು.