ಮೊಬೈಲ್ ಪರದೆಯಲ್ಲಿ ದೇಹದ ಒಳನೋಟ

ಸಿ.ಟಿ. ಸ್ಕ್ಯಾನ್ ಯಂತ್ರವು ದೇಹವನ್ನು ತೆಳುವಾದ ಅಡ್ಡಪದರಗಳಲ್ಲಿ ಅಳೆದು, ಪ್ರತಿ ಪದರವನ್ನೂ ಸಾಮಾನ್ಯವಾಗಿ 512ಕ್ಕೆ 512 ಬಿಂದುಗಳ ಚಿತ್ರವಾಗಿ ಒದಗಿಸುತ್ತದೆ. ಇಂಥ ನೂರಾರು ಪದರಗಳನ್ನು ಒಂದರ ಮೇಲೊಂದರಂತೆ ಜೋಡಿಸಿದಾಗ ದೊರೆಯುವ ಸಂಖ್ಯೆಗಳ ರಾಶಿಯೇ ಮೂರು ಆಯಾಮದ ದತ್ತಾಂಶ. ಅದರ ಅತಿಸಣ್ಣ ಘಟಕಕ್ಕೆ ವೋಕ್ಸೆಲ್ ಎಂದು ಹೆಸರು. ಉದ್ದ, ಅಗಲ, ಆಳಗಳುಳ್ಳ ಈ ಪುಟ್ಟ ಘನದಲ್ಲಿ ಇರುವುದು ಬಣ್ಣವಲ್ಲ, ಅಂಗಾಂಶವು ಕ್ಷಕಿರಣವನ್ನು ಎಷ್ಟು ತಡೆಯಿತೆಂಬ ಅಳತೆ. ಹೌನ್ಸ್‌ಫೀಲ್ಡ್ ಮಾನದಲ್ಲಿ ನೀರಿನ ಬೆಲೆ 0, ಗಾಳಿಯದು –1000, ಗಟ್ಟಿ ಮೂಳೆಯದು ಸಾವಿರವನ್ನೂ ಮೀರಬಹುದು.

ಈ ಅಳತೆಗಳನ್ನು ಚಿತ್ರವಾಗಿಸುವ ವಿಧಾನವೊಂದನ್ನು ಗಣಕವಿಜ್ಞಾನಿ ಮಾರ್ಕ್ ಲೆವಾಯ್ 1988ರಲ್ಲಿ ಪ್ರಕಟಿಸಿದರು. ಪರದೆಯ ಪ್ರತಿ ಬಿಂದುವಿನಿಂದಲೂ ಒಂದು ಕಾಲ್ಪನಿಕ ಕಿರಣವು ದತ್ತಾಂಶದೊಳಕ್ಕೆ ಹೊರಡುತ್ತದೆ. ಎದೆಯ ಸ್ಕ್ಯಾನ್ ಆದರೆ, ಅದು ಮೊದಲು ಗಾಳಿಯನ್ನು ದಾಟುತ್ತದೆ, ಅಲ್ಲಿ ಸೇರಿಸಿಕೊಳ್ಳಲು ಏನೂ ಇಲ್ಲ. ಚರ್ಮ ಮತ್ತು ಸ್ನಾಯುಗಳಲ್ಲಿ ಹೆಜ್ಜೆ ಹೆಜ್ಜೆಗೂ ಅಳತೆಯನ್ನು ಓದಿ ತುಸು ಬಣ್ಣವನ್ನು ಕೂಡಿಸಿಕೊಳ್ಳುತ್ತದೆ. ಪಕ್ಕೆಲುಬು ಎದುರಾದೊಡನೆ ಬಿಂದು ಬಹುತೇಕ ಅಪಾರದರ್ಶಕವಾಗಿ, ಮುಂದಿನ ಪಯಣ ಅನಗತ್ಯವಾಗುತ್ತದೆ. ಯಾವ ಅಳತೆಗೆ ಯಾವ ಬಣ್ಣ, ಎಷ್ಟು ಪಾರದರ್ಶಕತೆ ಎಂಬುದನ್ನು ಗೊತ್ತುಪಡಿಸುವ ಕೋಷ್ಟಕವನ್ನು ಬದಲಿಸಿದರೆ ಚರ್ಮ ಮಾಯವಾಗಿ ರಕ್ತನಾಳಗಳು ಗೋಚರಿಸುತ್ತವೆ.

512 ಪದರಗಳ ದತ್ತಾಂಶವೆಂದರೆ ಸುಮಾರು 13.4 ಕೋಟಿ ವೋಕ್ಸೆಲ್‌ಗಳು. ಒಂದಕ್ಕೆ ಎರಡು ಬೈಟ್ ಎಂದರೂ ಸುಮಾರು 27 ಕೋಟಿ ಬೈಟ್‌ಗಳು. ಇಷ್ಟನ್ನು ಇಂದಿನ ಮೊಬೈಲ್ ಹೊರಬಲ್ಲದು, ಆದರೆ ಅದನ್ನು ಮತ್ತೆ ಮತ್ತೆ ಓದುವಾಗ ಬ್ಯಾಟರಿ ಕರಗುತ್ತದೆ, ಸಾಧನ ಕಾಯುತ್ತದೆ, ಕಾದಾಗ ಪ್ರೊಸೆಸರ್ ತಾನಾಗಿಯೇ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ವರ್ಚುವಲ್ ರಿಯಾಲಿಟಿಯಲ್ಲಿ ಈ ಹೊರೆ ಇನ್ನೂ ದೊಡ್ಡದು. ಕ್ವೆಸ್ಟ್ 2 ಹೆಡ್‌ಸೆಟ್‌ನಲ್ಲಿ ಒಂದೊಂದು ಕಣ್ಣಿಗೂ 1832ಕ್ಕೆ 1920 ಬಿಂದುಗಳಿವೆ. ಪ್ರತಿ ಕಿರಣ 200 ಹೆಜ್ಜೆ ಇಟ್ಟರೆ ಎರಡೂ ಕಣ್ಣುಗಳದ್ದು ಸೇರಿ ಒಂದೇ ಚಿತ್ರಕ್ಕೆ ಸುಮಾರು 140 ಕೋಟಿ ಓದುಗಳಾಗುತ್ತವೆ, ಸೆಕೆಂಡಿಗೆ 90 ಚಿತ್ರಗಳಾದರೆ ಪ್ರತಿಯೊಂದಕ್ಕೂ ಸಿಗುವ ಸಮಯ 11 ಮಿಲಿಸೆಕೆಂಡ್. ತಲೆ ತಿರುಗಿಸಿದಾಗ ಚಿತ್ರ ಹಿಂದುಳಿದರೆ ನೋಡುವವರಿಗೆ ವಾಕರಿಕೆ ಬರುವುದರಿಂದ ಇಲ್ಲಿ ನಿಧಾನಕ್ಕೆ ಎಡೆಯಿಲ್ಲ.

ಆದ್ದರಿಂದ ಈ ಕ್ಷೇತ್ರದ ಜಾಣ್ಮೆಯೆಲ್ಲ ಲೆಕ್ಕವನ್ನು ಉಳಿಸುವುದರಲ್ಲಿದೆ. ಖಾಲಿ ಪ್ರದೇಶಗಳನ್ನು ಮೊದಲೇ ಗುರುತಿಸಿಟ್ಟು ಕಿರಣವನ್ನು ಅಲ್ಲಿ ನೆಗೆಸುತ್ತಾರೆ. ದೃಶ್ಯ ಚಲಿಸುವಾಗ ಒರಟಾಗಿ, ನಿಂತಾಗ ಸೂಕ್ಷ್ಮವಾಗಿ ಬಿಡಿಸುತ್ತಾರೆ. ಕಣ್ಣಿನ ಚಲನೆಯನ್ನು ಅಳೆಯಬಲ್ಲ ಹೆಡ್‌ಸೆಟ್‌ಗಳಲ್ಲಿ ದೃಷ್ಟಿ ನೆಟ್ಟ ಜಾಗಕ್ಕೆ ಮಾತ್ರ ಪೂರ್ಣ ಸ್ಪಷ್ಟತೆ ಕೊಡುತ್ತಾರೆ. ಭಾರಿ ಸರ್ವರ್‌ನಲ್ಲಿ ಚಿತ್ರ ತಯಾರಿಸಿ ಕಳಿಸುವ ದಾರಿಯೂ ಇದೆ, ಆದರೆ ಅದು ನೆಟ್‌ವರ್ಕಿನ ವೇಗವನ್ನು ಅವಲಂಬಿಸಿದೆ.

ಹೀಗೆ ಉಳಿಸುವಾಗ ಕಳೆದುಕೊಳ್ಳುವುದೂ ಉಂಟೆಂಬುದನ್ನು ಮರೆಯಬಾರದು. ಹೆಜ್ಜೆ ದೊಡ್ಡದಾದರೆ ಸಣ್ಣ ರಚನೆಗಳು ತಪ್ಪಿಹೋಗುತ್ತವೆ. ಪಾರದರ್ಶಕತೆಯ ಆಯ್ಕೆ ತುಸು ಬದಲಾದರೂ ಅದೇ ರಕ್ತನಾಳ ಇದ್ದುದಕ್ಕಿಂತ ಕಿರಿದಾಗಿ ಕಾಣಬಹುದು. ಶಸ್ತ್ರಚಿಕಿತ್ಸೆಯನ್ನು ಯೋಜಿಸಲು, ರೋಗಿಗೆ ವಿವರಿಸಲು, ವಿದ್ಯಾರ್ಥಿಗಳಿಗೆ ಕಲಿಸಲು ಈ ಚಿತ್ರಗಳು ಬಹಳ ನೆರವಾಗುತ್ತವೆಯಾದರೂ, ರೋಗನಿರ್ಣಯಕ್ಕೆ ಮೂಲ ಪದರಗಳನ್ನೇ ನೋಡಬೇಕು. ಅವುಗಳನ್ನು ತೆರೆದು ತೋರಿಸದ ಯಾವ ಆ್ಯಪ್ ಅನ್ನೂ ಚಿಕಿತ್ಸೆಯ ತೀರ್ಮಾನಕ್ಕೆ ನೆಚ್ಚಿಕೊಳ್ಳಬಾರದು.