ಇಸ್ಪೀಟಿನ ಕೈಚಳಕ: ಕಲೆಯೂ ಕಪಟವೂ

ಗೋರ್ಟಾದಂತಹ ಊರುಗಳ ಜಾತ್ರೆಯಲ್ಲಾಗಲಿ, ಶಾಲೆಯ ಸ್ನೇಹಸಮ್ಮೇಳನದಲ್ಲಾಗಲಿ ಜಾದೂಗಾರನು ಇಸ್ಪೀಟಿನ ಕಟ್ಟನ್ನು ಕೈಗೆತ್ತಿಕೊಂಡನೆಂದರೆ ಹಿರಿಯರು ಕಿರಿಯರೆನ್ನದೆ ಎಲ್ಲರೂ ಮುಂದೆ ಸರಿದು ಕೂರುತ್ತಾರೆ. ಪ್ರೇಕ್ಷಕನು ಆರಿಸಿಕೊಂಡ ಎಲೆಯನ್ನು ಆತನು 52 ಎಲೆಗಳ ನಡುವಿನಿಂದ ಎತ್ತಿ ತೋರಿಸಿದಾಗ, ಅವನ ಕೈ ನಮ್ಮ ಕಣ್ಣಿಗಿಂತ ವೇಗವೆಂದು ಜನರು ಬೆರಗಾಗುತ್ತಾರೆ. ಈ ತಿಳಿವಳಿಕೆ ಸರಿಯಲ್ಲ. ಅವಸರದ ಚಲನೆಯೇ ಮೊದಲು ಕಣ್ಣಿಗೆ ಬೀಳುವಂಥದು. ನುರಿತವನ ಕೈ ಸಾವಕಾಶವಾಗಿಯೇ ನಡೆಯುತ್ತದೆ. ಆತನು ಸೆರೆಹಿಡಿಯುವುದು ನಮ್ಮ ಗಮನವನ್ನು.

ಸರಳವಾದ ಆಟವೊಂದನ್ನು ನೋಡೋಣ. ಕಟ್ಟಿನ ತೀರ ಕೆಳಗಿನ ಎಲೆ ಯಾವುದೆಂಬುದನ್ನು ಜಾದೂಗಾರನು ಗುಟ್ಟಾಗಿ ನೋಡಿಕೊಳ್ಳುತ್ತಾನೆ. ಪ್ರೇಕ್ಷಕನು ಆರಿಸಿದ ಎಲೆಯನ್ನು ಕಟ್ಟಿನ ಮೇಲೆ ಇಡಿಸುತ್ತಾನೆ. ಬಳಿಕ ಕಟ್ಟನ್ನು ಎರಡು ಭಾಗ ಮಾಡಿ ಕೆಳಗಿನ ಭಾಗವನ್ನು ಮೇಲಕ್ಕೆ ತಂದರೆ, ಗುರುತಿನ ಎಲೆಯು ಆರಿಸಿದ ಎಲೆಯ ಮೇಲೆಯೇ ಬಂದು ಕೂರುತ್ತದೆ. ಹೀಗೆ ಎಷ್ಟು ಸಲ ಮೇಲೆ ಕೆಳಗೆ ಮಾಡಿದರೂ ಎಲೆಗಳ ಸಾಲು ಬಳೆಯಂತೆ ಸುತ್ತುವುದೇ ಹೊರತು ಕ್ರಮ ಕೆಡುವುದಿಲ್ಲ. ಮೇಲಿನಿಂದ ಒಂದೊಂದಾಗಿ ತೆರೆದಿಡುತ್ತ ಹೋದಾಗ ಗುರುತಿನ ಎಲೆಯ ಬೆನ್ನಿಗೇ ಬರುವುದು ಆರಿಸಿದ ಎಲೆ. ಗುಟ್ಟು ಇಷ್ಟೇ.

ಆದರೆ ಗುಟ್ಟನ್ನು ಬಲ್ಲ ಮಾತ್ರಕ್ಕೆ ಹೊಸಬನು ಗೆಲ್ಲುವುದಿಲ್ಲ. ಎಲೆಯನ್ನು ಇಣುಕುವ ಕ್ಷಣದಲ್ಲಿ ಆತನು ಮಾತು ನಿಲ್ಲಿಸುತ್ತಾನೆ, ಬೆರಳು ಬಿಗಿಯುತ್ತಾನೆ, ತನ್ನ ಕೈಯನ್ನೇ ದಿಟ್ಟಿಸುತ್ತಾನೆ. ಆತನು ನೋಡಿದ ಕಡೆಗೇ ಜನರೂ ನೋಡುವುದರಿಂದ ಸಿಕ್ಕಿಬೀಳುತ್ತಾನೆ. ಆದುದರಿಂದ ಗುಟ್ಟಿನ ಚಲನೆಗೆ ಸಹಜವಾದ ಕಾರಣವೊಂದಿರಬೇಕು: ಎಲೆಗಳ ಅಂಚನ್ನು ಮೇಜಿಗೆ ತಟ್ಟಿ ಸರಿಪಡಿಸುವಾಗಲೇ ಇಣುಕುನೋಟ ಮುಗಿಯಬೇಕು. ಆ ಗಳಿಗೆಯಲ್ಲಿ ಪ್ರೇಕ್ಷಕನ ಮುಖ ನೋಡಿ ಪ್ರಶ್ನೆಯೊಂದನ್ನು ಕೇಳಬೇಕು. ಮುಂದೇನಾಗುವುದೆಂದು ಮೊದಲೇ ಸಾರಬಾರದು. ಅದೇ ಜನರೆದುರು ಅದೇ ಆಟವನ್ನು ಮರಳಿ ಮಾಡಬಾರದು. ಬೆನ್ನ ಹಿಂದೆ ಯಾರನ್ನೂ ಕೂರಿಸಬಾರದು. ಬೆರಳುಗಳು ತಾವಾಗಿ ನಡೆಯುವವರೆಗೆ ಕನ್ನಡಿಯ ಮುಂದೆ ಅಭ್ಯಾಸ ಮಾಡಬೇಕು.

ಗಮನದ ಮಿತಿಯನ್ನು ವಿಜ್ಞಾನವೂ ತೋರಿಸಿಕೊಟ್ಟಿದೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಸೈಮನ್ಸ್ ಮತ್ತು ಕ್ರಿಸ್ಟಫರ್ ಚಾಬ್ರಿಸ್ 1999ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಚಿತ್ರವೊಂದನ್ನು ನೋಡುತ್ತ ಚೆಂಡಿನ ಎಸೆತಗಳನ್ನು ಎಣಿಸುತ್ತಿದ್ದವರಲ್ಲಿ ಸುಮಾರು ಅರ್ಧದಷ್ಟು ಮಂದಿ, ಆಟಗಾರರ ನಡುವೆ ಹಾದುಹೋದ ಗೊರಿಲ್ಲಾ ವೇಷಧಾರಿಯನ್ನು ಕಾಣಲೇ ಇಲ್ಲ.

ಇಲ್ಲಿ ಎಚ್ಚರಿಕೆಯ ಮಾತೊಂದುಂಟು. 1902ರಲ್ಲಿ ಅರ್ಡ್‌ನೇಸ್ ಎಂಬ ಹೆಸರಿನಲ್ಲಿ ಷಿಕಾಗೋದಲ್ಲಿ ಪ್ರಕಟವಾಗಿ ಈ ವಿದ್ಯೆಗೆ ಪ್ರಮಾಣವೆನಿಸಿದ ಗ್ರಂಥದಲ್ಲಿ ಜೂಜುಗಾರನ ಮೋಸವೂ ಜಾದೂಗಾರನ ವಿನೋದವೂ ಒಟ್ಟಿಗೇ ಇವೆ. ಇಬ್ಬರ ಕೈಯೂ ಒಂದೇ, ಒಪ್ಪಂದ ಬೇರೆ. ಜಾದೂ ನೋಡಲು ಬಂದವನು ಮರುಳಾಗಲು ಒಪ್ಪಿಯೇ ಕುಳಿತಿರುತ್ತಾನೆ. ಜಾತ್ರೆಯ ಮೂಲೆಯಲ್ಲಿ ಮೂರು ಎಲೆ ಹರಡಿ, ರಾಣಿ ಎಲ್ಲಿದೆಯೆಂದು ಕೇಳಿ ಹಣ ಕಟ್ಟಿಸಿಕೊಳ್ಳುವವನ ಮುಂದೆ ನಿಂತ ರೈತನು ಅದಕ್ಕೆ ಒಪ್ಪಿರುವುದಿಲ್ಲ. ಆತನು ಕಳೆದುಕೊಳ್ಳುವುದು ಸುಗ್ಗಿಯ ದುಡ್ಡನ್ನು. ಅಲ್ಲಿ ಪದೇಪದೇ ಗೆಲ್ಲುವವನು ಬಹುಮಟ್ಟಿಗೆ ಮೋಸಗಾರನ ಜೊತೆಗಾರನೇ ಆಗಿರುತ್ತಾನೆ.

ಕೈಚಳಕವನ್ನೇ ದೈವೀಶಕ್ತಿಯೆಂದು ಸಾರಿಕೊಳ್ಳುವವರೂ ಉಂಟು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರೀಕ್ಷೆಗೆಂದೇ ಸಮಿತಿಯೊಂದನ್ನು ರಚಿಸಿದರು. ಹುಲಿಕಲ್ ನಟರಾಜ್ ಅವರು ನಾಡಿನ ಹಲವು ಊರುಗಳಲ್ಲಿ ಅಂತಹ ಪವಾಡಗಳನ್ನು ತಾವೇ ಮಾಡಿ ತೋರಿಸಿ, ಅವುಗಳ ಗುಟ್ಟನ್ನು ಬಿಡಿಸಿ ಹೇಳಿದ್ದಾರೆ.

ನಮ್ಮ ನೆರೆಯ ಕಲ್ಯಾಣದ ಶರಣರಲ್ಲಿ ಬಹುರೂಪಿ ಚೌಡಯ್ಯನವರಿಗೆ ವೇಷ ಕಟ್ಟಿ ಆಡುವುದೇ ಕಾಯಕವಾಗಿತ್ತು. ವೇಷವೆಂದು ಬಲ್ಲವರ ಮುಂದೆ ಕಟ್ಟಿದ ವೇಷ ವಂಚನೆಯಾಗದು. ವಿದ್ಯಾರ್ಥಿಗಳು ಪಣವಿಲ್ಲದೆ, ಪವಾಡದ ಹೆಸರಿಲ್ಲದೆ ಇಂತಹ ಒಂದೆರಡು ಆಟಗಳನ್ನು ಕಲಿತರೆ ತಪ್ಪೇನೂ ಇಲ್ಲ. ಇತರರ ಗಮನವನ್ನು ಹೇಗೆ ಕದಿಯಬಹುದೆಂದು ಅರಿತವನು ತನ್ನ ಗಮನವನ್ನೂ ಕಾಯ್ದುಕೊಳ್ಳಬಲ್ಲನು.