ಗೇಣುದ್ದದ ರೇಸ್ ಕಾರು: ಜೋಡಿಸೋದು ಸುಲಭ, ಬಣ್ಣ ಹೊಡೆಯೋದೇ ಕಷ್ಟ

ಗ್ಯಾರೇಜಿನಲ್ಲಿ ಗನ್ ಹಿಡಿದು ಬೈಕಿನ ಟ್ಯಾಂಕಿಗೆ ಪೇಂಟ್ ಹೊಡೆಯೋದನ್ನು ಬಹಳ ಜನ ನೋಡಿರುತ್ತಾರೆ. ಅದೇ ಕೆಲಸವನ್ನು ಗೇಣುದ್ದದ ಪ್ಲಾಸ್ಟಿಕ್ ರೇಸ್ ಕಾರಿನ ಮೇಲೆ, ಪೆನ್ನಿನಷ್ಟು ದಪ್ಪದ ಗನ್‌ನಿಂದ ಮಾಡುವ ಹವ್ಯಾಸವೊಂದಿದೆ. ಅದಕ್ಕೆ ಸ್ಕೇಲ್ ಮಾಡೆಲಿಂಗ್ ಅಂತ ಹೆಸರು. ನೋಡೋಕೆ ಮಕ್ಕಳ ಆಟಿಕೆ ಥರ ಇದ್ದರೂ ಒಂದು ಕಾರು ಚೆನ್ನಾಗಿ ಮುಗಿಯೋಕೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಅದರಲ್ಲಿ ದೊಡ್ಡ ಪಾಲು ಹೋಗೋದು ಬಣ್ಣಕ್ಕೆ.

ಏನಿದು 1/20?

ನಿಜವಾದ ಕಾರಿನ ಪ್ರತಿ ಅಳತೆಯನ್ನೂ 20ರಿಂದ ಭಾಗಿಸಿ ಮಾಡಿದ ಮಾಡೆಲ್‌ಗೆ 1/20 ಸ್ಕೇಲ್ ಎನ್ನುತ್ತಾರೆ. ಬಾಡಿ, ಎಂಜಿನ್, ಟೈರ್, ಸೀಟು ಎಲ್ಲವೂ ಬಿಡಿ ಬಿಡಿಯಾಗಿ ಡಬ್ಬದಲ್ಲಿ ಬರುತ್ತವೆ; ಕತ್ತರಿಸಿ, ಉಜ್ಜಿ, ಅಂಟಿಸಬೇಕು.

ಇಂಥ ಕಿಟ್‌ಗಳಿಗೆ ಜಪಾನಿನ ಶಿಝುವೊಕಾದ ತಮಿಯಾ ಕಂಪನಿ ಹೆಸರುವಾಸಿ. 1946ರಲ್ಲಿ ಮರದ ವ್ಯಾಪಾರವಾಗಿ ಶುರುವಾದ ಈ ಸಂಸ್ಥೆ, 1967ರಲ್ಲಿ ಹೋಂಡಾದ ಆರ್‌ಎ273 ಫಾರ್ಮುಲಾ ಒನ್ ಕಾರನ್ನು 1/12 ಸ್ಕೇಲ್‌ನಲ್ಲಿ ತಂದಿತು. ಅದೇ ಕಂಪನಿಯ 1/20 ಕಿಟ್‌ಗಳಲ್ಲಿ ಹವ್ಯಾಸಿಗಳ ಮೆಚ್ಚಿನದು ಮೆಕ್‌ಲಾರೆನ್ ಎಂಪಿ4/4. 1988ರಲ್ಲಿ ಸೆನ್ನಾ ಮತ್ತು ಪ್ರಾಸ್ಟ್ ಓಡಿಸಿದ ಈ ಕಾರು ಆ ವರ್ಷದ 16 ರೇಸ್‌ಗಳಲ್ಲಿ 15 ಗೆದ್ದಿತ್ತು. ಸುಮಾರು 4.4 ಮೀಟರ್ ಉದ್ದದ ಕಾರು ಕಿಟ್‌ನಲ್ಲಿ 22 ಸೆಂ.ಮೀ. ಆಗುತ್ತದೆ.

ಪೇಂಟ್ ಚಿಕ್ಕದಾಗಲ್ಲ

ಕಾರನ್ನು 20 ಪಟ್ಟು ಚಿಕ್ಕದು ಮಾಡಬಹುದು, ಪೇಂಟನ್ನು ಮಾಡೋಕಾಗಲ್ಲ. ಕಷ್ಟ ಇರೋದೇ ಇಲ್ಲಿ. ಮಾಡೆಲ್ ಮೇಲೆ 0.1 ಮಿ.ಮೀ. ಬಣ್ಣ ಕೂತರೆ ಅದು ನಿಜವಾದ ಕಾರಿಗೆ 2 ಮಿ.ಮೀ. ದಪ್ಪ ಬಳಿದ ಲೆಕ್ಕ. ಬಾಡಿಯ ಸಂದಿನ ಗೆರೆಗಳು, ಕೂದಲೆಳೆಯಂಥ ಕೆತ್ತನೆ ಎಲ್ಲ ಮುಚ್ಚಿಹೋಗುತ್ತವೆ. ಬ್ರಷ್‌ನಲ್ಲಿ ಬಳಿದರೆ ದಪ್ಪದ ಜತೆಗೆ ಬ್ರಷ್ಷಿನ ಗೆರೆಯೂ ಉಳಿಯುತ್ತದೆ. ಅದಕ್ಕೇ ಏರ್‌ಬ್ರಷ್ ಬೇಕು.

ಕೆಲಸ ಮಾಡೋದು ಹೇಗೆ?

ಏರ್‌ಬ್ರಷ್ಷಿನ ಮೂತಿಯ ತೂತು ಸಾಮಾನ್ಯವಾಗಿ 0.2ರಿಂದ 0.3 ಮಿ.ಮೀ. ಅದರೊಳಗೆ ಒಂದು ಸೂಜಿ. ಬಟನ್ ಕೆಳಗೆ ಒತ್ತಿದರೆ ಗಾಳಿ, ಹಿಂದಕ್ಕೆ ಎಳೆದರೆ ಸೂಜಿ ಸರಿದು ಬಣ್ಣ ಬರುತ್ತದೆ. ಎಷ್ಟು ಎಳೆದರೆ ಅಷ್ಟು ಬಣ್ಣ. ಕಂಪ್ರೆಸರ್‌ನಲ್ಲಿ 15ರಿಂದ 20 ಪಿಎಸ್‌ಐ ಒತ್ತಡ ಸಾಕು. ಪೇಂಟ್ ಹಾಲಿನಷ್ಟು ತೆಳ್ಳಗಿರಬೇಕು. ಗಟ್ಟಿಯಾದರೆ ಮೂತಿ ಕಟ್ಟಿಕೊಳ್ಳುತ್ತದೆ, ತೀರಾ ನೀರಾದರೆ ಬಾಡಿ ಮೇಲೆ ಇಳಿಯುತ್ತದೆ.

ಮೊದಲು ಪ್ರೈಮರ್, ಅದು ಒಣಗಿದ ಮೇಲೆ ನುಣುಪಾದ ವಾಟರ್ ಪೇಪರ್, ಆಮೇಲೆ ಬಣ್ಣ. ಎಂಪಿ4/4ರ ಬಿಳಿ–ಕೆಂಪಿನಲ್ಲಿ ಆ ಕೆಂಪು ಮಾಮೂಲಿ ಕೆಂಪಲ್ಲ, ಕಿತ್ತಳೆ ಕಡೆ ವಾಲುವ ಫ್ಲೋರೊಸೆಂಟ್ ಬಣ್ಣ. ಇಂಥ ಬಣ್ಣ ಕೆಳಗಿನದನ್ನು ಪೂರ್ತಿ ಮುಚ್ಚಲ್ಲ. ಬೂದು ಪ್ರೈಮರ್ ಮೇಲೆ ಹೊಡೆದರೆ ಮಂಕು, ಬಿಳಿ ಮೇಲೆ ಹೊಡೆದರೆ ಹೊಳಪು. ಒಂದೇ ಸಲ ದಪ್ಪ ಹೊಡೆಯದೆ, ನಡುವೆ ಒಣಗೋಕೆ ಬಿಟ್ಟು ಮೂರು ನಾಲ್ಕು ತೆಳು ಕೋಟ್ ಕೊಡುತ್ತಾರೆ. ನಂತರ ನೀರಲ್ಲಿ ನೆನೆಸಿ ಜಾರಿಸುವ ಡೆಕಾಲ್, ಕೊನೆಗೆ ಕ್ಲಿಯರ್ ಕೋಟ್ ಮತ್ತು ಪಾಲಿಶ್. ಅವಸರ ಮಾಡಿದರೆ ಮೇಲ್ಮೈ ಕಿತ್ತಳೆ ಸಿಪ್ಪೆ ಥರ ತರಿತರಿಯಾಗುತ್ತದೆ, ಇಲ್ಲವೇ ಕ್ಲಿಯರ್ ಕೋಟಿಗೆ ಡೆಕಾಲ್ ಸುಕ್ಕಾಗುತ್ತದೆ.

ಮಳೆಗಾಲದಲ್ಲಿ ಇನ್ನೊಂದು ಕಾಟ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಲ್ಯಾಕರ್ ಪೇಂಟ್ ಮೇಲೆ ಬಿಳಿ ಮಸುಕು ಕೂರುತ್ತದೆ. ಅಂಥ ದಿನ ಕೆಲಸ ಮುಂದೂಡೋದೇ ಒಳ್ಳೇದು.

ಹಾರ್ಡ್‌ವೇರ್ ಅಂಗಡಿಯ ಥಿನ್ನರ್ ಆಗುತ್ತಾ?

ಏರ್‌ಬ್ರಷ್ ತೊಳೆಯೋಕೆ ಎನ್‌ಸಿ ಥಿನ್ನರ್ ಬಳಸುವವರಿದ್ದಾರೆ. ಆದರೆ ಅದು ಪ್ಲಾಸ್ಟಿಕ್ಕಿಗೆ ತಾಗಿದರೆ ಮೇಲ್ಮೈ ಕರಗಿ ಬಿರುಕು ಬಿಡಬಹುದು. ಮಾಡೆಲ್‌ಗೆ ಹೊಡೆಯುವ ಪೇಂಟಿಗೆ ಆಯಾ ಪೇಂಟಿನ ಥಿನ್ನರನ್ನೇ ಬೆರೆಸಬೇಕು.

ಎದೆ ಮೊದಲು, ಕಾರು ಆಮೇಲೆ

ಕೆಲಸ ಚಿಕ್ಕದು ಅಂತ ಬಾಗಿಲು ಹಾಕಿಕೊಂಡು ಮಲಗೋ ಕೋಣೆಯಲ್ಲಿ ಪೇಂಟ್ ಹೊಡೆಯೋದು ದೊಡ್ಡ ತಪ್ಪು. ಲ್ಯಾಕರ್ ಆವಿ ತಲೆಸುತ್ತು ತರುತ್ತದೆ, ಬೆಂಕಿಗೂ ಬೇಗ ಹತ್ತಿಕೊಳ್ಳುತ್ತದೆ. ಹತ್ತಿರ ಒಲೆ, ದೇವರ ದೀಪ, ಊದುಬತ್ತಿ ಇರಲೇಬಾರದು. ಬಟ್ಟೆ ಮಾಸ್ಕ್ ಆವಿಯನ್ನು ತಡೆಯಲ್ಲ. ಆವಿ ಹೀರುವ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು, ಗಾಳಿ ಹೊರಗೆ ಹೋಗೋ ವ್ಯವಸ್ಥೆಯೂ ಬೇಕು. ಹಾರ್ಡನರ್ ಬೆರೆಸುವ ಟೂ-ಕೆ ಕ್ಲಿಯರ್ ಇನ್ನೂ ಅಪಾಯಕಾರಿ. ಅದರಲ್ಲಿನ ಐಸೊಸಯನೇಟ್‌ಗಳು ಅಸ್ತಮಾ ತರಿಸಬಲ್ಲವು. ಈ ಎಚ್ಚರ ಕಾರಿಗೆ, ಬೈಕಿಗೆ ಪೇಂಟ್ ಹೊಡೆಯುವ ಅಂಗಡಿಗಳಿಗೂ ಅಷ್ಟೇ ಅನ್ವಯಿಸುತ್ತದೆ. ಅಲ್ಲಿನ ಕೆಲಸಗಾರರು ದಿನಾ ಅದೇ ಗಾಳಿಯಲ್ಲಿರುತ್ತಾರೆ.

ಹೊಸಬರು ನೀರಿನಲ್ಲೇ ಬೆರೆಯುವ ಅಕ್ರಿಲಿಕ್ ಪೇಂಟ್‌ನಿಂದ ಶುರು ಮಾಡಿದರೆ ವಾಸನೆ, ಬೆಂಕಿಯ ಭಯ ಎರಡೂ ಕಡಿಮೆ. ಅದರ ಸಣ್ಣ ಹನಿಗಳೂ ಎದೆಗೆ ಹೋಗಬಾರದು, ಹಾಗಾಗಿ ಮಾಸ್ಕ್ ತಪ್ಪಿಸೋ ಹಾಗಿಲ್ಲ. ಕೈ ಪಳಗೋಕೆ ದುಬಾರಿ ಕಿಟ್ ಬೇಡ, ಐಸ್‌ಕ್ರೀಮ್ ತಿನ್ನೋ ಪ್ಲಾಸ್ಟಿಕ್ ಚಮಚ ಸಾಕು. ಅದರ ಉಬ್ಬು ರೇಸ್ ಕಾರಿನ ಬಾಡಿಯ ಉಬ್ಬಿನ ಹಾಗೇ ಇರುತ್ತದೆ. ಚಮಚದ ಮೇಲೆ ಬಣ್ಣ ಇಳಿಯದೆ, ತರಿಯಾಗದೆ ಸಮನಾಗಿ ಕೂತ ಮೇಲೆ ಕಿಟ್ ಡಬ್ಬ ಬಿಚ್ಚಬಹುದು.